ಯಾರ ಕೈಗುಣ?

ಹಿತ್ತಲಿನ ಹಳೇ ಹಂಡೆಯಲ್ಲಿ ಕಿರಿ ಸೊಸೆ ನೆಟ್ಟಿದ್ದ ಛತ್ರಿ ಹುಲ್ಲು, ಜೇಕಿನ ಜಾತಿಯದು, ಎದೆಯೆತ್ತರ ಬೆಳೆದು ಕಡ್ಡಿ ಕಡ್ಡಿಯ ತುದಿಗೂ ಹಸಿರು ಕೊಡೆ ಬಿಚ್ಚಿತ್ತು. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನೇ ತೋರಿಸುತ್ತಿದ್ದರು: "ನಮ್ಮ ಚಿಕ್ಕವಳ ಕೈಗುಣ ನೋಡಿ!" ಮದುವೆಯಾಗಿ ಬಂದಾಗಿನಿಂದ ಅಂಥದೊಂದು ಮಾತಿಗೆ ಕಾದಿದ್ದ ಹಿರಿ ಸೊಸೆಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅವಳು ಕೊಡೆಗಳನ್ನೆಲ್ಲ ಕಚಕಚನೆ ಕತ್ತರಿಸಿ, ಬಾವಿಯ ಹಿಂದೆ ಯಾರೂ ಹೋಗದ ನೀರಿನ ತೊಟ್ಟಿಗೆ ಎಸೆದುಬಿಟ್ಟಳು. ಸಂಜೆ ಕಿರಿಯವಳು ಅಳುತ್ತ ಕೂತಾಗ, "ಬೀದಿ ದನ ನುಗ್ಗಿರಬೇಕು ಕಣೇ," ಎಂದು ತಾನೇ ಅವಳ ಕಣ್ಣೊರೆಸಿದಳು.

ತಿಂಗಳು ಕಳೆದ ಮೇಲೆ ಅತ್ತೆ ಬಾವಿಯ ಹಿಂದಿನಿಂದ ಕೂಗಿದರು. "ಇಬ್ಬರೂ ಬನ್ರೇ ಇಲ್ಲಿ!"

ತೊಟ್ಟಿಯಲ್ಲಿ ತಲೆಕೆಳಗಾಗಿ ತೇಲುತ್ತಿದ್ದ ಕೊಡೆಗಳಿಂದ ಬಿಳಿ ಬೇರು ಇಳಿದು, ಹೊಸ ಚಿಗುರು ಎದ್ದಿತ್ತು.

"ಕೊಡೆ ಕತ್ತರಿಸಿ ನೀರಿಗೆ ಬಿಟ್ಟರೆ ಸಸಿಯಾಗುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಒಂದು ಹಂಡೆಯದು ಒಂದು ತೊಟ್ಟಿ ತುಂಬ ಆಯ್ತಲ್ಲ! ಯಾರದಮ್ಮ ಈ ಕೈಗುಣ?"

ಕಿರಿಯವಳು ಬಾಯಿ ತೆರೆಯುವ ಮೊದಲೇ ಹಿರಿಯವಳು ಮುಂದೆ ನುಗ್ಗಿದಳು.

"ನಂದು ಅತ್ತೆ! ನಾನೇ ಕತ್ತರಿಸಿದ್ದು!"