ಎರವಲು ಕಷ್ಟ

ವಿದೇಶಿ ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆ ಒಂದು ಕಷ್ಟದ ನೆನಪನ್ನೂ ಕೇಳತೊಡಗಿದ ಮೇಲೆ ಹುಬ್ಬಳ್ಳಿಯ ವಿಶಾಲಾಕ್ಷಿಯ ಕೋಚಿಂಗ್ ಸೆಂಟರಿಗೆ ಪುರುಸೊತ್ತೇ ಇಲ್ಲ. ಉಂಡು ಬೆಳೆದ ಮಕ್ಕಳ ತಲೆಗೆ ಉಪವಾಸ ಬಿದ್ದವರ ನೆನಪು ತುಂಬುವುದೇ ಅವಳ ಕಸುಬು. ಕಷ್ಟವೂ ರೆಡಿಮೇಡೇ ಬೇಕು ಇವರ ಮೂತಿಗೆ ಎಂದು ಒಳಗೊಳಗೇ ಉಗಿಯುತ್ತಿದ್ದಳು.

ಸುಮಿತ್ರಾ ಮೇಡಂ ತಮ್ಮ ಮಗಳು ಇಂಚರಾಳ ಜೊತೆ ಮನೆಗೆಲಸದವಳನ್ನೂ ಕರೆತಂದಿದ್ದರು. "ಹೊರಗ ಯಾಕ ಹುಡುಕೂದ್ರಿ? ನಮ್ಮನಿ ಭಾಂಡೆ ತಿಕ್ಕೋ ಫಕೀರವ್ವನ ನೆನಪೇ ಹಾಕ್ರಿ."

ವಿಶಾಲಾಕ್ಷಿ ಹಾಕಿದಳು. ಅರ್ಧ ಗಂಟೆಗೆ ಇಂಚರಾ ಕಣ್ಣು ಬಿಟ್ಟಳು. ಅಷ್ಟರಲ್ಲಿ ಎಲ್ಲರಿಗೂ ಚಹಾ ಬಂತು. ಹುಡುಗಿ ಕುರ್ಚಿಯಿಂದಿಳಿದು ಬಾಗಿಲ ಬಳಿ ನೆಲದ ಮೇಲೆ ಕೂತು, ತಲೆ ಎತ್ತದೆ ತಾಯಿಗೆ ಹೇಳಿದಳು:

"ಅಕ್ಕಾರ, ನನ್ನ ಲೋಟ ಬ್ಯಾರೆ ಐತಲ್ರಿ, ಅದರಾಗ ಹಾಕ್ರಿ."