ಕಿಟಕಿ ಮುಚ್ಚಿ ಮಾಡಿದ ಅಡುಗೆ

ತಾನು ಕೆಲಸಕ್ಕಿದ್ದ ಹಡಗಿನ ಅಡುಗೆಮನೆಯಲ್ಲಿ ಮೆಕ್ಸಿಕೋದವನೊಬ್ಬ ಕಲಿಸಿದ್ದ ಅಡುಗೆಯನ್ನು ತುಂಬು ಬಸುರಿ ಹೆಂಡತಿಗೆ ತಿನ್ನಿಸಬೇಕೆಂದು ಅವನಿಗೆ ಆಸೆ. ದನದ ನಾಲಿಗೆಯನ್ನು ಈರುಳ್ಳಿ, ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿ ಬೆಳಗಿನಿಂದ ಬೇಯಿಸುತ್ತಿದ್ದ. ಆಮೇಲೆ ಸಣ್ಣಗೆ ಹೆಚ್ಚಿ, ಮುಸುಕಿನ ಜೋಳದ ರೊಟ್ಟಿಯಲ್ಲಿಟ್ಟು, ನಿಂಬೆಹಣ್ಣು ಹಿಂಡಿ ಕೊಡುವುದಿತ್ತು.

"ಕಿಟಕಿ ಹಾಕಿದೀರಾ?"

"ಹಾಕಿದೀನಿ. ಬೆಂದ ನಾಲಿಗೆ ಯಾರ ಹತ್ರಾನೂ ಚಾಡಿ ಹೇಳಲ್ಲ ಕಣೇ."

ಮೊಟ್ಟೆಯನ್ನೂ ಒಳಗೆ ತರಕೂಡದು ಎಂಬ ಮಾತಿನ ಮೇಲೆ ಸಿಕ್ಕಿದ್ದ ಬಾಡಿಗೆ ಮನೆ ಅದು. ಒಲೆ ಆರಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಓನರಮ್ಮ ಬಂದಿದ್ದರು.

"ಏನದು ವಾಸನೆ?"

"ಕಾಳು ಬೇಯ್ಸಿದ್ವಿ ಆಂಟಿ," ಎಂದಳು ಹೆಂಡತಿ.

"ಯಾವ ಕಾಳಮ್ಮ, ಮೆಟ್ಟಿಲಿಳಿದು ನಮ್ಮ ದೇವರ ಕೋಣೆವರೆಗೂ ಬರೋದು?"

ಉತ್ತರಕ್ಕೆ ಕಾಯದೆ ಆಕೆ ನೇರವಾಗಿ ಅಡುಗೆಮನೆಗೆ ನಡೆದರು. ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಹೆಂಡತಿ ಗೋಡೆಗೆ ಒರಗಿಕೊಂಡಳು.

"ಆಂಟಿ, ಹೆರಿಗೆ ಆಗೋವರೆಗಾದ್ರೂ ಇರೋಕೆ ಬಿಡಿ. ಈ ಹೊಟ್ಟೆ ಹೊತ್ಕೊಂಡು ಎಲ್ಲಿ ಮನೆ ಹುಡುಕಲಿ?"

ಆಕೆ ಅಡುಗೆಮನೆಯಿಂದ ಹೊರಗೆ ಬಂದು ಮುಂಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿದರು.

"ನಮ್ಮನೆಯವರು ಪೂಜೆಗೆ ಕೂತಿದಾರೆ. ಇದು ಗೊತ್ತಾದ್ರೆ ಏನು ಮಾಡ್ತಾರೆ ಗೊತ್ತಾ?"

ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿದರು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದಲ್ಲಿದ್ದ ಚಾಕುವನ್ನು ಕೈಗೆತ್ತಿಕೊಂಡರು.

"ತಟ್ಟೆ ತಾರಪ್ಪ. ನಾಲಿಗೆ ಬಿಸಿ ಇರುವಾಗ್ಲೇ ತೊಗಲು ಸುಲೀಬೇಕು, ಆರಿದ್ರೆ ಬರಲ್ಲ ಅಂತಿದ್ಲು ನಮ್ಮವ್ವ."