ಎಡಗೈಯ ಶಿಲುಬೆ

ಫೋಟೊದಲ್ಲಿ ಮುಖವಿರಲಿಲ್ಲ. ಶಾಲು ಹೊದ್ದ ಬೆನ್ನು, ಹಿಟ್ಟಿನ ಗಿರಣಿಯ ಬಾಗಿಲು, ಪಂಜು ಹಿಡಿದ ಎಡಗೈ. ಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆಯ ಹಚ್ಚೆ.

"ನಿಮ್ಮವರು ಹಚ್ಚೆ ಯಾವ ಕೈಗೆ ಹಾಕಿಸ್ಕೋತಾರೆ ಅಬೂನಾ?" ತನಿಖಾಧಿಕಾರಿ ಕೇಳಿದ.

"ಬಲಗೈಗೆ. ತೊಟ್ಟಿಲ ಮಕ್ಕಳಿಗೂ ಅಷ್ಟೇ." ಪಾದ್ರಿ ಪಾಖೂಮ್ ತೋಳು ಸರಿಸಿ ತಮ್ಮದನ್ನು ತೋರಿಸಿದರು.

"ಅಂದ್ರೆ ನಿಮ್ಮ ತಲೆಗೆ ಕಟ್ಟೋಕೆ ಯಾವನೋ ಶಾಯೀಲಿ ಬರ್ಕೊಂಡಿದಾನೆ. ಪಾಪ, ಯಾವ ಕೈ ಅಂತ ಗೊತ್ತಿಲ್ಲ!" ಅಧಿಕಾರಿ ನಕ್ಕ. "ಗಿರಣಿ ಮಾಲೀಕನ ಅಣ್ಣನ ಮಗ ಖಲಫ್ ಪಾಲಿಗಾಗಿ ಜಗಳ ಆಡಿದ್ದ. ಮೇಲಾಗಿ ಎಡಚ."

ಖಲಫ್ ಎಡಚನೆಂಬುದು, ಫೋಟೊ ತೆಗೆದ ಯುಸ್ತಿನಾಗೆ ಈಗ ನೆನಪಾಯಿತು.

ಕಳೆದ ವಾರ ಗಿರಣಿ ಮಾಲೀಕನ ಕಡೆಯವರು ಚರ್ಚಿನ ಗೋಡೆ ಉರುಳಿಸಿದ್ದರು. ಮೊನ್ನೆ ಮುಂಜಾನೆ ಗಿರಣಿ ಉರಿಯಿತು. ಒಳಗೆ ಮಲಗಿದ್ದ ಕಾವಲುಗಾರ ಬೂದಿಯಾದ. ಪತ್ರಿಕೆಯ ಛಾಯಾಗ್ರಾಹಕಿ ಯುಸ್ತಿನಾ ಕ್ಯಾಮೆರಾ ಹಿಡಿದು ತಾರಸಿಯಲ್ಲಿ ನಿಂತಿದ್ದನ್ನು ಬೀದಿಯೆಲ್ಲ ಕಂಡಿತ್ತು. ಫೋಟೊ ಇಲ್ಲವೆನ್ನುವಂತಿರಲಿಲ್ಲ. ತಾನೇ ರೋಲು ತೊಳೆದಳು, ತಾನೇ ಪ್ರಿಂಟ್ ತೆಗೆದು ತಂದಳು.

"ಗಿರಣಿಯ ಬೋರ್ಡು ಯಾಕಿಲ್ಲ?" ಅಧಿಕಾರಿ ಅವಳನ್ನು ಕೇಳಿದ.

"ಕತ್ತರಿಸಿದೆ ಬಾಶಾ. ನಿಮಗೆ ಬೇಕಾದದ್ದು ಕೈ ತಾನೇ?"

ಬಾಗಿಲಲ್ಲಿ ಗದ್ದಲವಾಯಿತು. ಪೊಲೀಸರನ್ನು ತಳ್ಳಿಕೊಂಡು ಖಲಫನ ತಾಯಿ ಒಳಬಂದಳು.

"ಯುಸ್ತಿನಾ! ನಿಮ್ಮಮ್ಮ ಹಾಸಿಗೆ ಹಿಡಿದಾಗ ನಿನ್ನ ತಮ್ಮ ವಿಸ್ಸಾನಿಗೆ ಹಾಲು ಕುಡಿಸಿದ್ದು ಯಾರೇ? ಅವನೊಂದು ಎದೆಗೆ, ನನ್ನ ಖಲಫ್ ಇನ್ನೊಂದಕ್ಕೆ! ನಿಮ್ಮ ಚರ್ಚಿನ ಮರಿಯಮ್ಮನಿಗೆ ನಾನೂ ಮೇಣದಬತ್ತಿ ಹಚ್ಚಿದೀನಿ. ಅವನನ್ನ ಗಲ್ಲಿಗೆ ಹಾಕ್ತಾರಂತೆ. ಕಂಡದ್ದು ಹೇಳೇ ತಾಯಿ, ಕಂಡದ್ದಷ್ಟೇ ಹೇಳು!"

ಅಧಿಕಾರಿ ಯುಸ್ತಿನಾಳತ್ತ ತಿರುಗಿದ. "ಆಣೆ ಮಾಡ್ತೀಯಾ?"

"ನಮ್ಮಲ್ಲಿ ಆಣೆ ಇಲ್ಲ," ಎಂದರು ಪಾದ್ರಿ. "ಹೌದಂದ್ರೆ ಹೌದು, ಅಲ್ಲಂದ್ರೆ ಅಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಅಂತ ನಾನೇ ಇವಳಿಗೆ ಕಲಿಸಿದ್ದು. ಹೇಳು ಮಗಳೇ. ಆ ಹಚ್ಚೆ ನೀನೇನಾದರೂ ಬರೆದದ್ದೋ?"

"ಇಲ್ಲ ಅಬೂನಾ. ಒಂದು ಚುಕ್ಕೆಯನ್ನೂ ಬರೆದಿಲ್ಲ."

"ಈ ಕೈಯನ್ನ ಕಣ್ಣಾರೆ ಕಂಡೆಯಾ?"

"ಕಂಡೆ."

ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟರು. "ಇವಳು ಸುಳ್ಳಾಡೋಳಲ್ಲ ಬಾಶಾ."

ಹೊರಗೆ ಜೀಪು ಹೊರಟಿತು. ಖಲಫನ ತಾಯಿ ಅಳಲಿಲ್ಲ. ನೆಲದ ಮೇಲೆ ಕೂತು ಯುಸ್ತಿನಾಳನ್ನೇ ನೋಡುತ್ತಿದ್ದಳು.

ಮನೆಯಲ್ಲಿ ವಿಸ್ಸಾ ಊಟದ ಮುಂದೆ ಕೂತಿದ್ದ.

"ಏನಂದೆ ಅಕ್ಕಾ?"

"ಊಟ ಮಾಡು."

ಅವನು ರೊಟ್ಟಿಗೆ ಬಲಗೈ ಚಾಚಿದ. ಕತ್ತಲಕೋಣೆಯಲ್ಲಿ ನೆಗೆಟಿವನ್ನು ಮಗುಚಿ ಅವಳು ಫೋಟೊದಲ್ಲಿ ಎಡಗೈಗೆ ದಾಟಿಸಿದ್ದ ಆ ಪುಟ್ಟ ಶಿಲುಬೆಯ ಸುತ್ತ, ಸುಟ್ಟ ಬೊಬ್ಬೆಗಳು ಇನ್ನೂ ಒಣಗಿರಲಿಲ್ಲ.